ಉಸಿರೆಂಬ ಪ್ರಾಣ, ಮದ್ಯವೆಂಬ ಪ್ರಮಾದ

ಜಿನಾಗಮವು ಸಂಸಾರಿ ಜೀವಕ್ಕೆ ಹತ್ತು ದ್ರವ್ಯಪ್ರಾಣಗಳನ್ನು ಹೇಳಿದೆ. ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರಗಳೆಂಬ ಐದು ಇಂದ್ರಿಯಗಳು. ಮನೋಬಲ, ವಚನಬಲ, ಕಾಯಬಲಗಳೆಂಬ ಮೂರು ಬಲಗಳು. ಆಯು ಮತ್ತು ಶ್ವಾಸೋಚ್ಛ್ವಾಸ. ಸಂಜ್ಞೀ ಪಂಚೇಂದ್ರಿಯನಾದ ಮನುಷ್ಯನಿಗೆ ಈ ಹತ್ತೂ ಉಂಟು. ಪರ್ಯಾಪ್ತ ಏಕೇಂದ್ರಿಯ ಜೀವಕ್ಕಾದರೋ ಇರುವುದು ನಾಲ್ಕೇ. ಆ ನಾಲ್ಕರಲ್ಲಿಯೂ ಶ್ವಾಸೋಚ್ಛ್ವಾಸ ಸೇರಿದೆ. ಕಣ್ಣಿಲ್ಲದೆ, ಕಿವಿಯಿಲ್ಲದೆ, ಮನಸ್ಸಿಲ್ಲದೆ ಬದುಕುವ ಜೀವಗಳಿವೆ. ಅವುಗಳಿಗೂ ಉಸಿರಿನ ಹಂಗು ತಪ್ಪಿಲ್ಲ. ಇಷ್ಟು ಮೂಲಭೂತವಾದ ಈ ಪ್ರಾಣವು ಮನುಷ್ಯನಿಂದ ಯಾವ ಎಚ್ಚರವನ್ನೂ ಬೇಡುವುದಿಲ್ಲ ಎಂಬುದು ಒಂದು ವಿಸ್ಮಯ. ಉಣ್ಣಲು ಕೈ ಎತ್ತಬೇಕು, ನೋಡಲು ಕಣ್ಣು ತೆರೆಯಬೇಕು. ಉಸಿರು ಮಾತ್ರ ಕೇಳದೆಯೇ ಬರುತ್ತದೆ, ನಿದ್ರೆಯಲ್ಲಿಯೂ ನಿಲ್ಲದೆ ನಡೆಯುತ್ತದೆ.

ಆದರೆ ಎಲ್ಲರಿಗೂ ಹಾಗಲ್ಲ. ನಿದ್ರೆ ಬಂದೊಡನೆ ಉಸಿರು ಸೊರಗುವ, ಕೆಲವೊಮ್ಮೆ ನಿಂತೇಹೋಗುವ ಮಕ್ಕಳು ಹುಟ್ಟುತ್ತಾರೆ. ಈ ರೋಗಕ್ಕೆ ವೈದ್ಯಶಾಸ್ತ್ರವು ಕಂಜೆನಿಟಲ್ ಸೆಂಟ್ರಲ್ ಹೈಪೊವೆಂಟಿಲೇಶನ್ ಸಿಂಡ್ರೋಮ್ ಎಂದು ಹೆಸರಿಟ್ಟಿದೆ. ಕನ್ನಡದಲ್ಲಿ ಇದನ್ನು ಜನ್ಮಜಾತ ಕೇಂದ್ರೀಯ ಶ್ವಾಸಮಾಂದ್ಯವೆನ್ನಬಹುದು. ಆರೋಗ್ಯವಂತರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರಿದರೂ ಮೆದುಳಿನ ಕಾಂಡದಲ್ಲಿರುವ ನರಕೋಶಗಳು ಅದನ್ನು ಅರಿತು ಉಸಿರಾಟವನ್ನು ಚುರುಕುಗೊಳಿಸುತ್ತವೆ. ಮಲಗಿದವನು ಹೊರಳುತ್ತಾನೆ, ಎಚ್ಚರಗೊಳ್ಳುತ್ತಾನೆ. ಈ ರೋಗವುಳ್ಳವರಲ್ಲಿ ಆ ಕಾವಲುಗಾರನೇ ಇಲ್ಲ. ಶ್ವಾಸಕೋಶ ಸರಿಯಾಗಿರುತ್ತದೆ, ಎದೆಯ ಸ್ನಾಯುಗಳು ಸರಿಯಾಗಿರುತ್ತವೆ. ಉಸಿರಾಡು ಎಂಬ ಅಪ್ಪಣೆ ಮಾತ್ರ ಬರುವುದಿಲ್ಲ. ಹೆಚ್ಚಿನವರಿಗೆ ಇದು ನಿದ್ರೆಯಲ್ಲಿನ ತೊಂದರೆ. ತೀವ್ರವಾಗಿ ಬಾಧಿತರಾದವರಿಗೆ ಎಚ್ಚರದಲ್ಲಿಯೂ ತಪ್ಪದು.

ಇದು ಅತಿ ವಿರಳವಾದ ರೋಗ. ಸುಮಾರು 2,00,000 ಜನನಗಳಿಗೆ ಒಂದು ಎಂಬುದು ಫ್ರಾನ್ಸ್ ದೇಶದಲ್ಲಿ ಮಾಡಿದ ಅಂದಾಜು. ನಿದ್ರೆಯಲ್ಲಿ ಉಸಿರು ಮರೆಯುವ ಲಕ್ಷಣಕ್ಕೆ 1962ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಯುರೋಪಿನ ಜಲಕನ್ಯೆಯ ಕಥೆಯೊಂದನ್ನು ನೆನೆದು 'ಆಂಡೈನಳ ಶಾಪ'ವೆಂಬ ಹೆಸರನ್ನು ಕೊಟ್ಟರು. ಹುಟ್ಟಿನಿಂದಲೇ ಈ ಲಕ್ಷಣವಿದ್ದ ಶಿಶುವಿನ ವರದಿ 1970ರಲ್ಲಿ ಪ್ರಕಟವಾಯಿತು. 2003ರಲ್ಲಿ ಇದರ ಕಾರಣ ತಿಳಿದುಬಂತು. ನಾಲ್ಕನೆಯ ವರ್ಣತಂತುವಿನಲ್ಲಿರುವ ಫಾಕ್ಸ್-2ಬಿ ಎಂಬ ಜೀನಿನಲ್ಲಿ ಅಲನಿನ್ ಎಂಬ ಅಮೈನೋ ಆಮ್ಲದ ಸಂಕೇತ ಸಹಜವಾಗಿ 20 ಬಾರಿ ಇರಬೇಕಾದುದು ಬಹುಪಾಲು ರೋಗಿಗಳಲ್ಲಿ 24ರಿಂದ 33 ಬಾರಿ ಇರುತ್ತದೆ. ಬಹುತೇಕ ಪ್ರಕರಣಗಳಲ್ಲಿ ಈ ವ್ಯತ್ಯಾಸವು ತಂದೆತಾಯಿಗಳಿಂದ ಬಂದುದಲ್ಲ, ಮಗುವಿನಲ್ಲಿಯೇ ಹೊಸದಾಗಿ ಉಂಟಾದುದು. ಆದುದರಿಂದ ಶಾಪವೆಂಬ ಹೆಸರು ಕಥೆಗಷ್ಟೇ ಸಲ್ಲುತ್ತದೆ. ವಂಶದ ದೋಷವೆಂದು ಒಂದು ಮನೆತನವನ್ನು ಬೆರಳು ಮಾಡಿ ತೋರಿಸುವುದು ವಿಜ್ಞಾನಕ್ಕೂ ಹೊಂದದು, ಧರ್ಮಕ್ಕೂ ಹೊಂದದು. ಕರ್ಮೋದಯವೆಂದು ಹೇಳಿ ಕೈಕಟ್ಟಿ ಕೂರುವುದೂ ಸಲ್ಲದು. ಉದಯಕ್ಕೆ ಬಂದುದನ್ನು ಪುರುಷಾರ್ಥದಿಂದ ಎದುರಿಸಬೇಕೆಂಬುದೇ ಆಚಾರ್ಯರ ಬೋಧೆ.

ಪುರುಷಾರ್ಥದ ಫಲವೂ ಇಲ್ಲಿ ಕಣ್ಣಿಗೆ ಕಾಣುವಂತಿದೆ. ಹಿಂದೆ ಇಂತಹ ಮಕ್ಕಳು ಶೈಶವದಲ್ಲಿಯೇ ತೀರಿಹೋಗುತ್ತಿದ್ದರು. ಈಗ ಮನೆಯಲ್ಲಿಯೇ ಇಟ್ಟುಕೊಳ್ಳಬಹುದಾದ ವೆಂಟಿಲೇಟರ್ ಯಂತ್ರವು ಕೊರಳಿನ ನಳಿಕೆಯ ಮೂಲಕವೋ ಮುಖಕವಚದ ಮೂಲಕವೋ ರಾತ್ರಿಯಿಡೀ ಉಸಿರು ನೀಡುತ್ತದೆ. ಬೆರಳಿಗೆ ಕಟ್ಟಿದ ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನು ಅಳೆಯುತ್ತ ಕಾವಲಿರುತ್ತದೆ. ಕೆಲವರಿಗೆ ವಪೆಯನ್ನು ವಿದ್ಯುತ್ ಪ್ರಚೋದನೆಯಿಂದ ಕುಣಿಸುವ ಸಾಧನವನ್ನು ಅಳವಡಿಸುವುದುಂಟು. ಹೀಗೆ ಬದುಕುಳಿದ ಮಕ್ಕಳು ಶಾಲೆಗೆ ಹೋದರು, ಕಾಲೇಜು ಸೇರಿದರು, ಉದ್ಯೋಗ ಹಿಡಿದರು, ಸಂಸಾರ ಹೂಡಿದರು. ಹಗಲಿನಲ್ಲಿ ಅವರನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸುವುದೇ ಕಷ್ಟ. ಆ ಸಂತೋಷದೊಡನೆಯೇ ಹಿಂದಿನ ವೈದ್ಯರಿಗೆ ಎದುರಾಗದಿದ್ದ ಪ್ರಶ್ನೆಯೊಂದು ಎದುರಾಯಿತು. ಮನೆಯಿಂದ ಹೊರಗೆ, ಗೆಳೆಯರ ನಡುವೆ, ಕೈಗೆ ಬಂದ ಲೋಟವನ್ನು ಆ ತರುಣನು ಏನು ಮಾಡಬೇಕು? 2006ರಲ್ಲಿ ಲಾಸ್ ಏಂಜಲೀಸಿನ ವೈದ್ಯರು ಈ ರೋಗವುಳ್ಳ ತರುಣರ ಮದ್ಯಪಾನವನ್ನೇ ಕುರಿತು ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದರು. 2010ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿಯು ಈ ರೋಗದ ಬಗ್ಗೆ ಪ್ರಕಟಿಸಿದ ಅಧಿಕೃತ ಹೇಳಿಕೆಯೂ ಹದಿಹರೆಯದವರನ್ನು ಮದ್ಯ ಮತ್ತು ಮಾದಕವಸ್ತುಗಳ ಅಪಾಯದಿಂದ ಕಾಯಬೇಕೆಂದು ತಿಳಿಸಿತು.

ಮದ್ಯವು ಮೆದುಳನ್ನು ಉತ್ತೇಜಿಸುತ್ತದೆ ಎಂಬುದು ಲೋಕರೂಢಿಯ ಭ್ರಮೆ. ಅದು ಮಾಡುವ ಕೆಲಸ ಮೆದುಳನ್ನು ಕುಗ್ಗಿಸುವುದು. ಮೊದಲು ಸಂಕೋಚ ಕುಗ್ಗುತ್ತದೆ, ಅದನ್ನೇ ಜನ ಉಲ್ಲಾಸವೆನ್ನುತ್ತಾರೆ. ಆಮೇಲೆ ವಿವೇಕ, ಆಮೇಲೆ ನಡಿಗೆ, ಆಮೇಲೆ ಎಚ್ಚರ, ಅಳತೆ ಮೀರಿದರೆ ಉಸಿರು. ಆರೋಗ್ಯವಂತನಲ್ಲಿ ಆ ಕೊನೆಯ ಮೆಟ್ಟಿಲು ದೂರದಲ್ಲಿದೆ. ಶ್ವಾಸಮಾಂದ್ಯವುಳ್ಳವನು ಆ ಮೆಟ್ಟಿಲಿನ ಅಂಚಿನಲ್ಲಿಯೇ ಬಾಳುತ್ತಿರುವವನು. ಎಚ್ಚರವಿದ್ದಾಗ ಅವನನ್ನು ಉಸಿರಾಡಿಸುತ್ತಿರುವುದು ಆ ಎಚ್ಚರವೇ. ಮದ್ಯವು ಮೊದಲು ಕದಿಯುವುದೂ ಅದನ್ನೇ. ಮಂಪರು ಬಂದು ಕುಳಿತಲ್ಲಿಯೇ ಕಣ್ಣು ಮುಚ್ಚಿದರೆ ಯಂತ್ರವನ್ನು ಜೋಡಿಸಿಕೊಳ್ಳುವ ನೆನಪೂ ಇರದು, ಯಂತ್ರದ ಗಂಟೆ ಕೂಗಿದರೆ ಏಳುವ ಶಕ್ತಿಯೂ ಇರದು. ಗಂಟಲಿನ ಸ್ನಾಯುಗಳು ಸಡಿಲವಾಗಿ ಗಾಳಿಯ ದಾರಿ ಕಿರಿದಾಗುತ್ತದೆ. ಮುಖಕವಚ ಹಾಕಿದ ಮೇಲೆ ವಾಂತಿಯಾದರೆ ಅದು ಶ್ವಾಸಕೋಶವನ್ನು ಸೇರುವ ಭಯವುಂಟು.

ಪ್ರಮಾಣದ ಲೆಕ್ಕವನ್ನೂ ತಿಳಿದಿರುವುದು ಲೇಸು. ಶೇಕಡಾ 42.8ರಷ್ಟು ಆಲ್ಕೊಹಾಲ್ ಇರುವ ವಿಸ್ಕಿ, ಬ್ರಾಂದಿಗಳ 30 ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೊಹಾಲ್ ಇರುತ್ತದೆ. ಸೌಮ್ಯವೆಂದು ಹೆಸರಾದ ಶೇಕಡಾ 5ರ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಆರೋಗ್ಯವಂತ ವಯಸ್ಕನ ಯಕೃತ್ತು ಗಂಟೆಗೆ ಕಳೆಯಬಲ್ಲುದು ಸುಮಾರು 7ರಿಂದ 10 ಗ್ರಾಂ ಮಾತ್ರ. ತಣ್ಣೀರು ಎರಚುವುದರಿಂದಾಗಲಿ, ಕಾಫಿ ಕುಡಿಸುವುದರಿಂದಾಗಲಿ ಈ ವೇಗ ಹೆಚ್ಚದು. ಅಂದರೆ ರಾತ್ರಿ 11 ಗಂಟೆಗೆ ಒಂದು ಬಾಟಲಿ ಬಿಯರ್ ಕುಡಿದು ಮಲಗಿದವನ ರಕ್ತದಲ್ಲಿ ನಡುರಾತ್ರಿ ಕಳೆದ ಮೇಲೂ ಮದ್ಯದ ಅಂಶ ಉಳಿದಿರಬಹುದು. ಅದು ನಿದ್ರೆಯ ಹೊತ್ತು, ಈ ರೋಗಕ್ಕೆ ಅತ್ಯಂತ ಅಪಾಯದ ಹೊತ್ತು. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವೆನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿತು. ಸಾಮಾನ್ಯರ ಮಟ್ಟಿಗೇ ಹೀಗಿರುವಾಗ ಇಂತಹ ತರುಣರ ಮಟ್ಟಿಗೆ 'ಸ್ವಲ್ಪ' ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಇವೆಲ್ಲಕ್ಕಿಂತ ಭಯಾನಕವಾದುದು ಇನ್ನೊಂದಿದೆ. ಈ ರೋಗವುಳ್ಳವರಿಗೆ ಉಸಿರುಕಟ್ಟಿದ ಸಂಕಟವೇ ತಿಳಿಯುವುದಿಲ್ಲ. ಅವರು ಏದುಸಿರು ಬಿಡುವುದಿಲ್ಲ, ಒದ್ದಾಡುವುದಿಲ್ಲ, ಕೂಗುವುದಿಲ್ಲ. ತುಟಿ ನೀಲಿಗಟ್ಟುತ್ತಿದ್ದರೂ ಮುಖದಲ್ಲಿ ಶಾಂತಿಯಿರುತ್ತದೆ. ಜೊತೆಗಿದ್ದ ಗೆಳೆಯರು "ಪಾಪ, ನಿದ್ರೆ ಬಂದಿದೆ, ಮಲಗಲಿ" ಎಂದು ದೀಪ ಆರಿಸಿ, ಬಾಗಿಲು ಮುಂದೆ ಮಾಡಿ ಹೋಗುತ್ತಾರೆ. ಅವರ ದೃಷ್ಟಿಯಲ್ಲಿ ಅದು ಉಪಕಾರ. ಅರಿವಿಲ್ಲದ ಸ್ನೇಹವು ಸ್ನೇಹಿತನಿಗೇ ಮೃತ್ಯುವಾಗುವ ಬಗೆ ಇದು.

"ಶ್ರಾವಕರ ಮನೆಯಲ್ಲಿ ಮದ್ಯದ ಸೋಂಕೇ ಇಲ್ಲವಲ್ಲ, ಈ ವಿಚಾರ ಅಲ್ಲಿಗೇಕೆ?" ಎಂಬ ಆಕ್ಷೇಪ ಬರಬಹುದು. ಅದಕ್ಕೆ ಉತ್ತರ ಪುರಾಣದಲ್ಲಿಯೇ ಇದೆ. ಕ್ರಿ.ಶ. 783ರಲ್ಲಿ ಆಚಾರ್ಯ ಜಿನಸೇನರು ಮುಗಿಸಿದ ಹರಿವಂಶಪುರಾಣದಲ್ಲಿ ದ್ವಾರಾವತಿಯ ದಹನದ ಪ್ರಸಂಗ ಬರುತ್ತದೆ. ಮದ್ಯದ ನಿಮಿತ್ತದಿಂದ ಪಟ್ಟಣವು ಬೆಂದುಹೋಗುವುದೆಂದು ಭಗವಾನ್ ನೇಮಿನಾಥರು ಮುಂಚೆಯೇ ತಿಳಿಸಿದ್ದರು. ಕೃಷ್ಣನು ಡಂಗುರ ಹೊಡೆಸಿದನು. ಪಟ್ಟಣದ ಮದ್ಯವನ್ನೆಲ್ಲ ಹೊರಗೆ ಸಾಗಿಸಿ ಕಾಡಿನಲ್ಲಿ ಚೆಲ್ಲಿಸಿದನು. ಅರಮನೆ ಶುದ್ಧವಾಯಿತು, ಬೀದಿಗಳು ಶುದ್ಧವಾದವು. ಆದರೆ ಚೆಲ್ಲಿದ ಮದ್ಯವು ಕಲ್ಲುಗುಂಡಿಗಳಲ್ಲಿ ನಿಂತಿತ್ತು. ವನವಿಹಾರಕ್ಕೆ ಹೋದ ಶಂಬು ಮೊದಲಾದ ರಾಜಕುಮಾರರು ಬಾಯಾರಿ ಅದನ್ನೇ ಕುಡಿದರು. ಮತ್ತೇರಿ ದ್ವೈಪಾಯನ ಮುನಿಯ ಮೇಲೆ ಕಲ್ಲು ತೂರಿದರು. ಮುನಿಯ ಕೋಪಾಗ್ನಿಗೆ ದ್ವಾರಾವತಿ ಆಹುತಿಯಾಯಿತು. ಊರೊಳಗೆ ನಿಷೇಧವಿತ್ತು, ಆದರೆ ಊರಾಚೆಯ ಗುಂಡಿಯ ಬಳಿ ಎಚ್ಚರಿಸುವವರು ಒಬ್ಬರೂ ಇರಲಿಲ್ಲ. ಇಂದಿನ ಶ್ರಾವಕನ ಮನೆಯೂ ಹಾಗೆಯೇ ಶುದ್ಧವಾಗಿದೆ. ಅವನ ಮಗ ಓದುವುದು ಮಾತ್ರ ದೂರದ ನಗರದ ವಸತಿನಿಲಯದಲ್ಲಿ.

ಮದ್ಯತ್ಯಾಗವು ಶ್ರಾವಕನ ಮೂಲಗುಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ ಎಂಟು ಮೂಲಗುಣಗಳನ್ನು ಹೇಳಿದ್ದಾರೆ. ಸಪ್ತವ್ಯಸನಗಳಲ್ಲಿಯೂ ಮದ್ಯಪಾನಕ್ಕೆ ಸ್ಥಾನವಿದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದರ ಕಾರಣವನ್ನೂ ವಿವರಿಸಿದ್ದಾರೆ: ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಧರ್ಮವನ್ನು ಮರೆತವನು ಶಂಕೆಯಿಲ್ಲದೆ ಹಿಂಸೆಗೆ ತೊಡಗುತ್ತಾನೆ, ಅಲ್ಲದೆ ಮದ್ಯವು ಅಸಂಖ್ಯ ಸೂಕ್ಷ್ಮಜೀವಿಗಳ ಉತ್ಪತ್ತಿಸ್ಥಾನ. ಉಮಾಸ್ವಾಮಿಗಳು ಪ್ರಮಾದದಿಂದ ಪ್ರಾಣವನ್ನು ಬೇರ್ಪಡಿಸುವುದೇ ಹಿಂಸೆಯೆಂದು ನಿರೂಪಿಸಿದ್ದಾರೆ. ಶ್ವಾಸಮಾಂದ್ಯವುಳ್ಳವನ ಪ್ರಸಂಗದಲ್ಲಿ ಈ ನಿರೂಪಣೆಯ ಒಂದೊಂದು ಪದವೂ ಅಕ್ಷರಶಃ ಸತ್ಯವಾಗುತ್ತದೆ. ಇಲ್ಲಿ ಪ್ರಮಾದವೆಂದರೆ ಲೋಟ. ಬೇರ್ಪಡುವ ಪ್ರಾಣವೆಂದರೆ ಶ್ವಾಸೋಚ್ಛ್ವಾಸ. ಶ್ವೇತಾಂಬರ ಪರಂಪರೆಯ ಪಂಚಪ್ರಮಾದಗಳಲ್ಲಿ ಮದ್ಯ ಮತ್ತು ನಿದ್ರೆ ಎರಡನ್ನೂ ಎಣಿಸಿರುವುದು ಈ ರೋಗವನ್ನು ಬಲ್ಲವರಿಗೆ ವಿಶೇಷ ಅರ್ಥವುಳ್ಳದ್ದಾಗಿ ತೋರುತ್ತದೆ.

ಆದರೂ ವ್ರತವೊಂದನ್ನೇ ನೆಚ್ಚಿ ಕೂರುವಂತಿಲ್ಲ. ಅನೇಕ ಮನೆಗಳಲ್ಲಿ ಮಗುವಿಗೆ "ಕುಡಿಯುವುದು ಪಾಪ" ಎಂದಷ್ಟೇ ಹೇಳಿ ಬಿಡುತ್ತಾರೆ. ಅವನ ದೇಹದ ನಿಜವನ್ನು ಹೇಳುವುದಿಲ್ಲ. ಹುಡುಗ ದೊಡ್ಡವನಾಗಿ ಹೊರಗೆ ಹೋದಾಗ ಕುಡಿದವರು ಮರುದಿನ ನಗುತ್ತ ತರಗತಿಗೆ ಬರುವುದನ್ನು ಕಾಣುತ್ತಾನೆ. ಹಿರಿಯರ ಮಾತು ಉತ್ಪ್ರೇಕ್ಷೆಯೆಂದು ಅವನಿಗೆ ತೋರುತ್ತದೆ. ಉಳಿದವರಿಗೆ ಒಂದು ರಾತ್ರಿಯ ತಪ್ಪು ಮರುದಿನದ ತಲೆನೋವಿನಲ್ಲಿ ಮುಗಿಯಬಹುದು, ತನಗೆ ಮರುದಿನವೇ ಇಲ್ಲದಿರಬಹುದು ಎಂಬುದನ್ನು ಯಾರೂ ಅವನಿಗೆ ತಿಳಿಸಿರುವುದಿಲ್ಲ. ತಿಳಿಸದಿರುವುದಕ್ಕೆ ಕಾರಣ ಬಹುಮಟ್ಟಿಗೆ ಲಜ್ಜೆ. ರೋಗದ ಸುದ್ದಿ ಹೊರಬಿದ್ದರೆ ಸಂಬಂಧ ಕೂಡಿಬರದು, ಮನೆತನಕ್ಕೆ ಕುಂದು ಎಂಬ ಅಂಜಿಕೆ. ಮಗನ ಕೋಣೆಗೆ ಬೀಗ, ಯಂತ್ರಕ್ಕೆ ಹೊದಿಕೆ, ನೆಂಟರ ಮುಂದೆ ಮೌನ. ಈ ಮೌನವೂ ಪ್ರಮಾದವೇ. ಮೌನದಲ್ಲಿ ಬೆಳೆದ ಮಗನು ವಸತಿನಿಲಯದಲ್ಲಿ ತನ್ನ ಯಂತ್ರವನ್ನು ತಾನೇ ಬಚ್ಚಿಡುತ್ತಾನೆ. ಗೆಳೆಯರ ಮನೆಯಲ್ಲಿ ಉಳಿಯುವ ರಾತ್ರಿ ಅದನ್ನು ಒಯ್ಯುವುದೇ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಾದ ಪ್ರಶ್ನೆ ಏಳುತ್ತದೆ. ಸಾವಿನ ಭಯದಿಂದ ಮದ್ಯವನ್ನು ಬಿಟ್ಟವನದು ವ್ರತವೇ? ಭಯದಿಂದ ಬಿಟ್ಟದ್ದು ಭಯ ಹೋದೊಡನೆ ಮರಳಿ ಬರುತ್ತದೆ, ಆದುದರಿಂದ ಅದು ವ್ರತವಲ್ಲವೆಂದು ಹೇಳುವವರುಂಟು. ಮಾತಿನಲ್ಲಿ ಸತ್ಯವಿದೆ, ಆದರೆ ಅದು ಅರ್ಧಸತ್ಯ. ವ್ರತವು ಸಂಕಲ್ಪಪೂರ್ವಕವಾದ ನಿಯಮ. ಸಂಕಲ್ಪಕ್ಕೆ ಜ್ಞಾನವೇ ಬುನಾದಿ. ತನ್ನ ಉಸಿರಿನ ಸ್ವರೂಪವನ್ನು ತಿಳಿದು, ಅದನ್ನು ಕಾಯುವ ಹೊಣೆ ತನ್ನದೆಂದು ಅರಿತು, ಲೋಟವನ್ನು ಹಿಂದಕ್ಕೆ ಸರಿಸುವ ತರುಣನಲ್ಲಿರುವುದು ಬರಿಯ ಭಯವಲ್ಲ, ಅದು ಅಪ್ರಮಾದ. ಪರಜೀವಕ್ಕೆ ತೋರುವ ದಯೆಗೆ ಸ್ವಜೀವವೂ ಪಾತ್ರವೆಂಬುದನ್ನು ಅವನು ದಿನದಿನವೂ ಆಚರಿಸುತ್ತಾನೆ. ಪ್ರತಿ ರಾತ್ರಿ ಯಂತ್ರವನ್ನು ಪರೀಕ್ಷಿಸಿ, ಕವಚವನ್ನು ಕಟ್ಟಿಕೊಂಡು ಮಲಗುವ ಅವನ ನಿಯಮನಿಷ್ಠೆ ಅನೇಕ ವ್ರತಿಕರಲ್ಲಿಯೂ ಕಾಣದು.

ಹೊಣೆ ಅವನೊಬ್ಬನದೇ ಅಲ್ಲ. ಜೈನಧರ್ಮವು ಪಾಪಕ್ಕೆ ಕೃತ, ಕಾರಿತ, ಅನುಮೋದನವೆಂಬ ಮೂರು ದ್ವಾರಗಳನ್ನು ತೋರಿಸಿದೆ. ಕುಡಿದವನದು ಕೃತ, ಸುರಿದುಕೊಟ್ಟವನದು ಕಾರಿತ, "ಒಂದು ಗುಟುಕಿಗೆ ಏನಾದೀತು" ಎಂದು ನಕ್ಕವನದು ಅನುಮೋದನೆ. ಎದುರಿಗಿರುವವನ ದೇಹದ ಒಳಗುಟ್ಟು ಯಾರಿಗೂ ಕಾಣದು. ಈ ರೋಗದ ಸೌಮ್ಯ ರೂಪವುಳ್ಳ ಕೆಲವರಿಗೆ ಪ್ರೌಢವಯಸ್ಸಿನವರೆಗೂ ಅದು ತಿಳಿಯದೆ, ಶಸ್ತ್ರಚಿಕಿತ್ಸೆಯ ಅರಿವಳಿಕೆಯ ಸಮಯದಲ್ಲೋ ತೀವ್ರವಾದ ಶ್ವಾಸಸೋಂಕಿನಲ್ಲೋ ಮೊದಲು ಬಯಲಾಗುವುದುಂಟು. ಒಲ್ಲೆನೆಂದವನನ್ನು ಕಾರಣ ಕೇಳದೆ ಬಿಟ್ಟುಬಿಡುವುದೇ ಸಜ್ಜನಿಕೆ. ಬೇಡವೆನ್ನುವವನನ್ನು ಬಲವಂತಪಡಿಸುವುದು ಹಿಂಸೆಯ ಉಪಕರಣವನ್ನು ಕೈಗಿಟ್ಟಂತೆ. ಅನರ್ಥದಂಡಗಳಲ್ಲಿ ಹಿಂಸಾದಾನವೆಂದು ಶಾಸ್ತ್ರ ಹೇಳಿದ್ದು ಇಂತಹುದನ್ನೇ. ಜೊತೆಯಲ್ಲಿರುವ ಒಬ್ಬ ಗೆಳೆಯನಾದರೂ ಮದ್ಯತ್ಯಾಗಿಯಾಗಿದ್ದರೆ ರೋಗಿಗೆ ನೂರು ಉಪದೇಶಕ್ಕಿಂತ ಅದೇ ದೊಡ್ಡ ರಕ್ಷೆ.

ಇಷ್ಟಾದ ಮೇಲೂ ತರುಣನು ಜಾರಿದರೆ? ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು. ಕುಡಿದ ಮಗನಿಗೆ ಮೊದಲು ನೆನಪಾಗುವುದು ತಂದೆಯ ಕೋಪವಾದರೆ ಅವನು ಮನೆಗೆ ಫೋನು ಮಾಡುವುದಿಲ್ಲ. ಸದ್ದಿಲ್ಲದೆ ಒಂದು ಮೂಲೆಯಲ್ಲಿ ಮಲಗುತ್ತಾನೆ. ಆ ಮಲಗುವಿಕೆಯೇ ಅವನ ಕೊನೆಯಾಗಬಹುದು. "ಏನೇ ಆಗಲಿ, ನಮಗೆ ತಿಳಿಸು" ಎಂದು ಮೊದಲೇ ಹೇಳಿಬಿಟ್ಟರೆ ವ್ರತವನ್ನು ಸಡಿಲಗೊಳಿಸಿದಂತಾಗುವುದಿಲ್ಲವೇ ಎಂದು ಹಿರಿಯರು ಶಂಕಿಸುತ್ತಾರೆ. ಶಂಕೆ ಸಹಜ. ಆದರೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರು ಅಂಗಗಳಿರುವುದು ಜಾರುವವರು ಇರುತ್ತಾರೆಂಬ ಅರಿವಿನಿಂದಲೇ. ಸ್ಥಿತಿಕರಣಕ್ಕೆ ಉದಾಹರಣೆಯಾದ ವಾರಿಷೇಣ ಮುನಿಯು ಮನಸ್ಸು ಚಂಚಲವಾದ ಪುಷ್ಪಡಾಲನನ್ನು ಸಂಘದಿಂದ ಹೊರಗೆ ತಳ್ಳಲಿಲ್ಲ, ಜನರೆದುರು ನಿಂದಿಸಲಿಲ್ಲ. ತನ್ನ ಜೊತೆಯಲ್ಲಿಯೇ ರಾಜಗೃಹದ ಅರಮನೆಗೆ ಕರೆದೊಯ್ದು ತಾನು ತೊರೆದುದನ್ನು ತೋರಿಸಿ, ಅವನೇ ನಾಚಿ ಸ್ಥಿರನಾಗುವಂತೆ ಮಾಡಿದನು. ಹಿಡಿದ ಕೈಯನ್ನು ಬಿಡದಿರುವುದೇ ಸ್ಥಿತಿಕರಣ. ಇನ್ನು ಉಪಗೂಹನವೆಂದರೆ ಇತರರ ದೋಷವನ್ನು ಬೀದಿಗೆ ತಾರದಿರುವುದು, ವೈದ್ಯರಿಂದ ಮುಚ್ಚಿಡುವುದಲ್ಲ. ಏನು ಕುಡಿದ, ಎಷ್ಟು ಕುಡಿದ, ಯಾವಾಗ ಕುಡಿದ ಎಂಬುದನ್ನು ವೈದ್ಯರಿಗೆ ಮರೆಮಾಚದೆ ಹೇಳಲೇಬೇಕು.

ಆ ಹೊತ್ತಿನ ಕರ್ತವ್ಯ ಸ್ಪಷ್ಟವಾಗಿದೆ. ಅವನನ್ನು ಒಬ್ಬನನ್ನೇ ಬಿಡಬಾರದು, ನಿದ್ರಿಸಲು ಬಿಡಬಾರದು. ಕೂಡಲೇ 108ಕ್ಕೆ ಕರೆಮಾಡಿ, ಇದು ಉಸಿರು ನಿಲ್ಲುವ ರೋಗವೆಂದು ತಿಳಿಸಬೇಕು. ತುಟಿಯ ಬಣ್ಣವನ್ನೂ ಎದೆಯ ಏರಿಳಿತವನ್ನೂ ನೋಡುತ್ತಿರಬೇಕು. ಅವನ ವೈದ್ಯರು ಮೊದಲೇ ಕಲಿಸಿಕೊಟ್ಟಂತೆ ಉಸಿರು ನೀಡುವ ಸಾಧನವನ್ನು ಬಳಸಬೇಕು. ಇದನ್ನು ಮನೆಯವರಷ್ಟೇ ಅಲ್ಲ, ಕೋಣೆಯ ಜೊತೆಗಾರರೂ ನಿಲಯಪಾಲಕರೂ ಅಭ್ಯಾಸ ಮಾಡಿರಬೇಕು. ಬೋಧನೆ ಬೇಕಾದರೆ ಮರುದಿನ ಮಾಡಬಹುದು. ಆ ರಾತ್ರಿ ಬೇಕಾಗುವುದು ಉಸಿರು.

ಮದ್ಯದ ಹೆಸರಿಲ್ಲದೆ ಮನೆ ಹೊಕ್ಕ ವಸ್ತುಗಳ ಮೇಲೂ ಗಮನವಿರಬೇಕು. ದಶಮೂಲಾರಿಷ್ಟ ಮೊದಲಾದ ಆಸವ-ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಆಲ್ಕೊಹಾಲ್ ಇರುತ್ತದೆ; ಅದರ ಪ್ರಮಾಣವನ್ನು ಬಾಟಲಿಯ ಮೇಲೆ ನಮೂದಿಸಿರುತ್ತಾರೆ. ಔಷಧಿಯ ಅಳತೆಯಲ್ಲಿ ಅದು ಅಲ್ಪವೇ ಆದರೂ ಈ ರೋಗವುಳ್ಳವರಿಗೆ ವೈದ್ಯರನ್ನು ಕೇಳದೆ ಕೊಡಬಾರದು. ನಿದ್ರೆಯ ಮಾತ್ರೆ, ಮಂಪರು ತರಿಸುವ ಕೆಮ್ಮಿನ ಔಷಧಿಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು.

ಬಸದಿಗಳ ಆಡಳಿತ ಮಂಡಳಿಗಳು ಮತ್ತು ವಿದ್ಯಾರ್ಥಿನಿಲಯಗಳನ್ನು ನಡೆಸುವ ಸಂಸ್ಥೆಗಳು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದಲ್ಲ, ಆದರೆ ಬೆಲೆಯುಳ್ಳದ್ದು. ನಿಲಯಕ್ಕೆ ಸೇರುವಾಗ ಆರೋಗ್ಯದ ವಿವರವನ್ನು ಗೌಪ್ಯವಾಗಿ ಪಡೆಯುವುದು. ಯಂತ್ರವನ್ನು ಅವಲಂಬಿಸಿದ ವಿದ್ಯಾರ್ಥಿಯಿದ್ದರೆ ವಿದ್ಯುತ್ತು ಹೋದಾಗ ಬದಲಿ ವ್ಯವಸ್ಥೆ ಮಾಡುವುದು. ತೀರ್ಥಯಾತ್ರೆ, ಶಿಬಿರಗಳಲ್ಲಿ ಅವನನ್ನು ಬಿಡದೆ ಯಂತ್ರಸಹಿತವಾಗಿ ಕರೆದೊಯ್ಯುವುದು. ದಶಲಕ್ಷಣಪರ್ವದ ಉಪನ್ಯಾಸಗಳಲ್ಲಿ ಮದ್ಯತ್ಯಾಗದ ಮಹಿಮೆಯೊಡನೆ ಅದರ ಶಾರೀರಿಕ ಕಾರಣಗಳನ್ನು ವೈದ್ಯರಿಂದಲೇ ಹೇಳಿಸುವುದು. ಇವೆಲ್ಲ ಔಷಧದಾನ, ಶಾಸ್ತ್ರದಾನಗಳ ಒಳಗೇ ಬರುತ್ತವೆ.

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಅಭಯಕ್ಕೆ ಹಣ ಬೇಡ. ಆದರೂ ಅದೇ ಕಷ್ಟದ ದಾನ, ಏಕೆಂದರೆ ಕೊಡುವವನು ತನ್ನ ಕೋಪವನ್ನು ಬಿಡಬೇಕಾಗುತ್ತದೆ. ಶ್ವಾಸಮಾಂದ್ಯವುಳ್ಳ ಮಗ ಮನೆಯ ಹೊಸ್ತಿಲು ದಾಟುವ ದಿನ ತಂದೆತಾಯಿಗಳು ಅವನಿಗೆ ಎರಡು ಮಾತು ಹೇಳಿ ಕಳುಹಿಸಬೇಕು. ಮೊದಲನೆಯದು, "ಇದನ್ನು ಮುಟ್ಟಬೇಡ, ನಿನಗೆ ಏಕೆ ಕೂಡದೆಂದರೆ ಹೀಗೆ" ಎಂಬುದು. ಎರಡನೆಯದು, "ಎಂದಾದರೂ ತಪ್ಪಿದರೆ ಆ ಕ್ಷಣವೇ ಕರೆ ಮಾಡು, ನಡುರಾತ್ರಿಯಾದರೂ ಸರಿ, ಮೊದಲು ನಿನ್ನ ಉಸಿರು, ಉಳಿದದ್ದು ಆಮೇಲೆ" ಎಂಬುದು. ಮೊದಲನೆಯ ಮಾತು ಅವನ ವ್ರತವನ್ನು ಕಾಯುತ್ತದೆ, ಎರಡನೆಯದು ಅವನನ್ನೇ ಕಾಯುತ್ತದೆ. ಜೀವ ಉಳಿದವನು ವ್ರತವನ್ನು ಮತ್ತೆ ಕೈಗೊಳ್ಳಬಲ್ಲನು.